ಸೋಲ್ ಅಂದರೆ ಬಿಸಿಲು

ಪುತ್ತೂರಿನ ಬಸ್ಸು ಹತ್ತುವ ಮೊದಲೇ ಭವಿತಾಳನ್ನು ನಾಲ್ಕಾರು ಜನ ಕೇಳಿ ಮುಗಿಸಿದ್ದರು. ಯಾವಾಗ ಬಂದದ್ದು? ಯಾವಾಗ ಹೋಗುದು? ಹೂವಿನವಳು ಮೊಳ ಅಳೆಯುತ್ತಲೇ ಕೇಳಿದಳು, ಜೆರಾಕ್ಸ್ ಅಂಗಡಿಯವನು ಬಾಗಿಲಿಗೆ ಬಂದು ಕೇಳಿದ, ಶಾಲೆಯಲ್ಲಿ ಅವಳಿಗಿಂತ ಸಣ್ಣ ಕ್ಲಾಸಿನಲ್ಲಿದ್ದ ಒಬ್ಬ ಬೈಕು ನಿಲ್ಲಿಸದೆ, ಬರೀ ನಿಧಾನ ಮಾಡಿ ಕೇಳಿ, ಉತ್ತರಕ್ಕೆ ಕಾಯದೆ ಹೋದ. ಸುಳ್ಯದಲ್ಲಿ ಈ ಎರಡು ಪ್ರಶ್ನೆಗಳು ಯಾವಾಗಲೂ ಜೋಡಿಯಾಗಿಯೇ ಬರುವುದು. ಮುಂಬಯಿ ಹೋಟೆಲಿನಿಂದ ಬಂದವನಿಗೂ ಇದೇ, ದುಬಾಯಿಯಿಂದ ಬಂದವನಿಗೂ ಇದೇ, ಬಾಣಂತನಕ್ಕೆ ಬಂದ ಮಗಳಿಗೂ ಇದೇ. ಕೇಳಿದವರಿಗೆ ಉತ್ತರ ಬೇಕೆಂದೇನೂ ಇಲ್ಲ. ಮೊನ್ನೆ ಬಂದದ್ದು, ಹೋಗುದು ಇನ್ನು ನೋಡ್ಬೇಕು ಎಂದು ನಕ್ಕರೆ ಮುಗಿಯಿತು, ಮಾತು ಸೆಕೆಯ ಕಡೆಗೋ ಯಾರದೋ ಮದುವೆಯ ಕಡೆಗೋ ಹೊರಳುತ್ತದೆ. ಸಣ್ಣ ಮಕ್ಕಳಿಗೂ ಗೊತ್ತಿರುವ ಈ ಸಂಗತಿ ಭವಿತಾಳಿಗೆ ಗೊತ್ತಿರಲಿಲ್ಲ ಎಂದಲ್ಲ. ಆದರೆ ಡಿಸೆಂಬರಿನಲ್ಲಿ ಸ್ವೀಡನ್ನಿನಿಂದ ಬಂದಿಳಿದ ದಿನ, ಅಪ್ಪನ ಹಿಟ್ಟಿನ ಮಿಲ್ಲಿನ ಬಾಗಿಲಲ್ಲಿ, ಒಣಮೆಣಸಿನ ಚೀಲ ಹಿಡಿದು ನಿಂತಿದ್ದ ಕೇರಿಯ ನೆಬೀಸ ಕೇಳಿದಾಗ ಅವಳು ಬಾಯಿ ತೆರೆದು ಒಂದು ತಾರೀಕನ್ನೇ ಹೇಳಿಬಿಟ್ಟಳು. "ಜನವರಿ ಹದಿನೆಂಟಕ್ಕೆ. ಆದಿತ್ಯವಾರ." ಅವಳು ಓದಲು ಹೋಗಿದ್ದ ದೇಶದಲ್ಲಿ ಜನ ಬೇಕಾದರೆ ಮಾತ್ರ ಪ್ರಶ್ನೆ ಕೇಳುತ್ತಾರೆ, ಕೇಳಿದರೆ ಉತ್ತರ ಕೊಡಬೇಕಾಗುತ್ತದೆ. ನಾಲಿಗೆಗೆ ಆ ಚಟ ಹತ್ತಿಬಿಟ್ಟಿತ್ತು. ತಾರೀಕು ಎಲ್ಲಿಂದ ಬಂತೆಂದು ಅವಳಿಗೆ ಈಗಲೂ ಗೊತ್ತಿಲ್ಲ. ಟಿಕೆಟ್ ಇರಲಿಲ್ಲ, ವೀಸಾ ಮುಂದುವರಿದಿರಲಿಲ್ಲ, ಹಿಂದಿರುಗಿ ಹೋದರೆ ಕೂರಲು ಕ್ಲಾಸಿನಲ್ಲಿ ಜಾಗವೂ ಇರಲಿಲ್ಲ. ಕ್ರಿಸ್‌ಮಸ್ ರಜೆ ಎಂದು ಹೇಳಿ ಬಂದವಳು ಶಾಶ್ವತವಾಗಿ ಬಂದಿದ್ದಳು, ಅದು ಅವಳೊಬ್ಬಳಿಗೇ ಗೊತ್ತಿತ್ತು. ನೆಬೀಸಳಿಗೆ ಹೇಳಿದ ತಾರೀಕು ಸಾಯಂಕಾಲಕ್ಕೆ ಇಡೀ ಕೇರಿಯ ತಾರೀಕಾಯಿತು. ಅಪ್ಪ ಕುಶಾಲಪ್ಪ ಏರ್‌ಪೋರ್ಟಿಗೆ ಹೋಗಲು ತೀರ್ಥರಾಮನ ಬಾಡಿಗೆ ಕಾರಿಗೆ ಹೇಳಿಟ್ಟ. ಅಮ್ಮ ನೀಲಾವತಿ ಹಪ್ಪಳ ಒಣಗಿಸಲಿಕ್ಕೆ ಹಾಕಿದಳು. ಕಡಬದ ಚಿಕ್ಕಮ್ಮ ಫೋನ್ ಮಾಡಿ, ಅವಳು ಓದು ಮುಗಿಸಿಯೇ ಬರಲಿ, ತಾನು ನೋಡಿಟ್ಟ ಹುಡುಗನ ಕಡೆಯವರಿಗೆ ಅವಸರ ಇಲ್ಲವಂತೆ ಎಂದಳು. ಇವತ್ತು ಶುಕ್ರವಾರ. ನಾಡಿದ್ದು ಹದಿನೆಂಟು.

ಹೇಳಿಬಿಡಬೇಕೆಂದು ಅವಳು ಹೊರಟದ್ದು ಒಂದು ಸಲ ಅಲ್ಲ. ಆದರೆ ಅವರ ಮನೆಯಲ್ಲಿ ದೊಡ್ಡ ಮಾತುಗಳಿಗೆ ಅಂತಲೇ ಒಂದು ಹೊತ್ತು ಇದೆ, ಅದು ಕರೆಂಟ್ ಹೋದಾಗ. ಮನೆ ಮಿಲ್ಲಿನ ಬೆನ್ನಿಗೆ ಅಂಟಿಕೊಂಡೇ ಇರುವುದು. ಬೆಳಗಿನಿಂದ ಗೋಡೆ ನಡುಗುವ ಹಾಗೆ ಮೆಣಸು, ಕೊತ್ತಂಬರಿ, ಅಕ್ಕಿ, ಗೋಧಿ ಬೀಸುತ್ತಿರುವಾಗ ಉಪ್ಪು ಕೊಡು, ಬಾಗಿಲು ಹಾಕು ಎಂಬುದಕ್ಕಿಂತ ಹೆಚ್ಚಿನದನ್ನು ಯಾರೂ ಕಿರುಚಿ ಹೇಳುವುದಿಲ್ಲ. ಅಕ್ಕನ ಮದುವೆ ನಿಶ್ಚಯವಾದದ್ದು ಕರೆಂಟ್ ಹೋದಾಗ. ಅಜ್ಜಿಗೆ ಇನ್ನು ಮದ್ದು ನಾಟುವುದಿಲ್ಲ ಎಂದು ಅಪ್ಪ ಹೇಳಿದ್ದೂ ಕರೆಂಟ್ ಹೋದಾಗ. ನೀರಿನ ಶುದ್ಧೀಕರಣದ ವಿಷಯ ಓದಲು ಮಗಳು ಸ್ವೀಡನ್ನಿಗೆ ಹೋಗುವುದೆಂದು ತೀರ್ಮಾನವಾದದ್ದು ಲೈನಿನ ಮೇಲೆ ಮರ ಬಿದ್ದು ಇಡೀ ದಿನ ಕತ್ತಲಾಗಿದ್ದ ಮಳೆಗಾಲದ ಒಂದು ಆಟಿ ತಿಂಗಳಿನಲ್ಲಿ. ಈ ಸಲ ನೋಡಿದರೆ ಅವಳು ಬಂದಂದಿನಿಂದ ನೆಟ್ಟಗೆ ಒಂದು ದಿನ ಕರೆಂಟ್ ಹೋಗಿಲ್ಲ. ಹೋದರೂ 'ಅಪ್ಪ' ಎನ್ನುವಷ್ಟರಲ್ಲಿ ಬಂದುಬಿಡುತ್ತದೆ. "ನಿನ್ನ ಕಾಲ್ಗುಣ ಮಾರಾಯ್ತಿ, ಇನ್ನು ನೀನು ಹೋದ ಮೇಲೆ ಎಂತ ಗತಿಯೋ" ಎಂದು ಹುಬ್ಬಿನ ಮೇಲೆಲ್ಲ ಹಿಟ್ಟು ಕೂತ ಮುಖದಲ್ಲಿ ಅಪ್ಪ ನಗುತ್ತಾನೆ. ನಿನ್ನೆ ಅವನು, ಮಿಲ್ಲಿನ ಬೆಲ್ಟು ಹರಿಯುವ ಹಾಗಾಗಿದೆ, ಪುತ್ತೂರಿನಲ್ಲಿ ಸಿಗ್ತದೆ ಎಂದ. ಅಮ್ಮ ಸೂಟ್‌ಕೇಸಿಗೆ ಒಂದು ಬೀಗ ಬೇಕೆಂದಳು. ನಾನೇ ತರ್ತೇನೆ ಎಂದು ಭವಿತಾ ಹೊರಟಳು. ಹೋಗದವಳ ಸೂಟ್‌ಕೇಸಿಗೆ ಬೀಗ.

ಬಸ್ಸಿನಲ್ಲಿ ಪಕ್ಕದ ಸೀಟು ಸಿಕ್ಕಿದ್ದು ಅವಳಿಗೆ ನಾಲ್ಕನೆಯ ಕ್ಲಾಸಿನಲ್ಲಿ ಪಾಠ ಹೇಳಿದ್ದ ಕಮಲಾವತಿ ಟೀಚರಿಗೆ. ರಿಟೈರ್ ಆದರೂ ಟೀಚರ ಗಂಟಲು ರಿಟೈರ್ ಆಗಿರಲಿಲ್ಲ. "ಮಿಲ್ಲಿನ ಕುಶಾಲಪ್ಪಣ್ಣನ ಮಗಳಲ್ವಾ ನೀನು? ಯಾವಾಗ ಬಂದದ್ದು? ಯಾವಾಗ ಹೋಗುದು?" ಎಂದು ಕೇಳುವಾಗ ಹಿಂದಿನ ಸೀಟಿನವರೂ ಕತ್ತು ಎತ್ತಿದರು. ನಾಡಿದ್ದು ಟೀಚರ್ ಎಂದಳು. ಸುಳ್ಳು ಈಗ ಹೆಸರು ಹೇಳಿದಷ್ಟು ಸಲೀಸಾಗಿ ಬರುತ್ತಿತ್ತು. "ಅಯ್ಯೋ, ಇಷ್ಟು ಬೇಗವಾ! ಅಲ್ಲಿ ಈಗ ಹಿಮ ಅಲ್ವಾ? ಮಧ್ಯಾಹ್ನವೇ ಕತ್ತಲೆ ಅಂತೆ? ಹೇಗೆ ಇರುದು ಮಾರಾಯ್ತಿ ನೀನು ಒಬ್ಬಳೇ? ಅಳು ಬರುದಿಲ್ವಾ?" ಎಲ್ಲರೂ ಕೊನೆಗೆ ಬಂದು ನಿಲ್ಲುವುದು ಇಲ್ಲಿಗೇ. ಅಳು ಬರುತ್ತಿತ್ತು ಎಂದರೆ ಅವರಿಗೆ ಸಮಾಧಾನ. ಅತ್ತಿದ್ದರೆ ಎಷ್ಟು ಸುಲಭವಿತ್ತು ಎಂದು ಭವಿತಾ ಯೋಚಿಸಿದಳು. ಚಳಿ ತಾಳಲಿಕ್ಕಾಗಲಿಲ್ಲ, ಕತ್ತಲೆ ತಡೆಯಲಿಕ್ಕಾಗಲಿಲ್ಲ, ಮನೆ ನೆನಪಾಗಿ ಓದಲಿಕ್ಕೆ ಆಗಲಿಲ್ಲ ಎಂದರೆ ಅಮ್ಮ ತಲೆ ಸವರುತ್ತಾಳೆ, ಅಪ್ಪ ಹೋಗಲಿ ಬಿಡು ಎನ್ನುತ್ತಾನೆ. ಆದರೆ ಅವಳು ಅತ್ತಿರಲಿಲ್ಲ. "ಇಲ್ಲ ಟೀಚರ್, ಅಲ್ಲಿ ಖುಷಿ ಆಗ್ತದೆ" ಎಂದಳು, ಮತ್ತೆ ತಡೆಯಲಿಕ್ಕಾಗದೆ ಹೇಳುತ್ತಾ ಹೋದಳು. ಹಿಮದ ಮೇಲೆ ನಡೆದರೆ ಹೊಸ ಅಕ್ಕಿಹುಡಿಯನ್ನು ಮುಷ್ಟಿಯಲ್ಲಿ ಒತ್ತಿದಾಗ ಬರುತ್ತದಲ್ಲ, ಆ ಸದ್ದು ಬರುವುದನ್ನು ಹೇಳಿದಳು. ಕತ್ತಲೆ ಶುರುವಾದ ಕೂಡಲೇ ಒಂದೊಂದು ಕಿಟಕಿಯಲ್ಲೂ ಕಾಗದದ ನಕ್ಷತ್ರ ಉರಿಯುವುದನ್ನು ಹೇಳಿದಳು. ಹಾಸ್ಟೆಲಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಬಟ್ಟೆ ಒಣಗಿಸಲು ಒಂದು ಬಿಸಿ ಕಪಾಟು, ಅದರ ಬಾಗಿಲು ತೆರೆದು ಮುಖ ಒಳಗಿಟ್ಟರೆ ಇಸ್ತ್ರಿ ಮಾಡಿದ ಅಂಗಿಯ ವಾಸನೆ, ಅಲ್ಲಿ ಯಾರೂ ಬೈಯುವುದಿಲ್ಲ. ಬೇಕರಿಯಲ್ಲಿ ಏಲಕ್ಕಿ ಬನ್ನು, ಬಾಯಿ ತುಂಬ ಏಲಕ್ಕಿ ಟೀಚರ್, ನಮ್ಮಲ್ಲಿ ಪಾಯಸಕ್ಕೂ ಅಷ್ಟು ಹಾಕುವುದಿಲ್ಲ. ಬಸ್ಸು ಜಾಲ್ಸೂರು ದಾಟಿತು, ಕಾವು ದಾಟಿತು. ಹಿಂದಿನ ಸೀಟಿನ ಹೆಂಗಸು ಮಗುವನ್ನು ಎಬ್ಬಿಸಿ, ಕೇಳು ಕೇಳು ಎಂದಳು. ಕಂಡಕ್ಟರ್ ಕೂಡ ಕಂಬಕ್ಕೆ ಒರಗಿ ನಿಂತು ಕೇಳಿದ. ಹೇಳುವಷ್ಟು ಹೊತ್ತು ಭವಿತಾ ನಿಜವಾಗಿಯೂ ಅಲ್ಲಿಯೇ ಇದ್ದಳು, ಮೂಗಿನ ತುದಿ ತಣ್ಣಗಾಗುವಷ್ಟು. "ಪುಣ್ಯ ಮಾಡಿದ್ದೀ ನೀನು. ಹೋಗು ಹೋಗು, ಒಳ್ಳೇದಾಗ್ಲಿ" ಎಂದು ಟೀಚರ್ ಕುಂಬ್ರದಲ್ಲಿ ಇಳಿಯುವಾಗ ಅವಳ ಕೆನ್ನೆ ಮುಟ್ಟಿದರು. ಆ ಕೈ ಬಿಸಿಯಾಗಿತ್ತು, ಭವಿತಾಳಿಗೆ ಆ ಬಿಸಿ ಕಪಾಟು ನೆನಪಾಯಿತು.

ಗೋಡೆಯ ವಿಷಯ ಮಾತ್ರ ಅವಳು ಟೀಚರಿಗೆ ಹೇಳಿರಲಿಲ್ಲ. ಅದನ್ನು ಯಾರಿಗೂ ಹೇಳಿಲ್ಲ. ಹೊಳೆ ಹೆಪ್ಪುಗಟ್ಟಿ ಬೆಳ್ಳಗೆ ಮಲಗಿರುವ ಆ ಊರಿನಲ್ಲಿ ಲೈಬ್ರರಿಗೆ ದಕ್ಷಿಣಕ್ಕೆ ಮುಖ ಮಾಡಿದ ಒಂದು ಇಟ್ಟಿಗೆ ಗೋಡೆಯಿದೆ. ಫೆಬ್ರವರಿಯ ಮಧ್ಯಾಹ್ನ ಸೂರ್ಯ ಮರಗಳ ತುದಿಯವರೆಗೆ ಏರಿ ಸ್ವಲ್ಪ ಹೊತ್ತು ಆ ಗೋಡೆಯ ಮೇಲೆ ಬೀಳುತ್ತಾನೆ. ಆಗ ಎಲ್ಲೆಲ್ಲಿಂದಲೋ ಜನ ಬಂದು ಗೋಡೆಗೆ ಬೆನ್ನು ಕೊಟ್ಟು, ಸಾಲಾಗಿ, ಕಣ್ಣು ಮುಚ್ಚಿ ಕೂರುತ್ತಾರೆ. ಪೋಸ್ಟ್‌ಮನ್, ಪ್ರೊಫೆಸರ್, ಮಗುವಿನ ಗಾಡಿ ತಳ್ಳಿಕೊಂಡು ಬಂದ ಅಪ್ಪ. ಒಬ್ಬರೂ ಮಾತಾಡುವುದಿಲ್ಲ. ಮೊದಲ ಸಲ ಭವಿತಾ ಅಲ್ಲಿ ನಿಂತದ್ದು ಕ್ಲಾಸಿಗೆ ಹೋಗುವ ದಾರಿಯಲ್ಲಿ, ಬಿಸಿಲಿಗೆ ಕಿತ್ತಳೆಯಾದ ಆ ಮುಖಗಳನ್ನು ನೋಡಿ ಸುಮ್ಮನೆ. ಹಿಂದಿನ ದಿನವಷ್ಟೇ ಮೊದಲ ಪರೀಕ್ಷೆಯ ಫಲಿತಾಂಶ ಬಂದಿತ್ತು, ಫೇಲ್. ಗೋಡೆಯ ಬುಡದಲ್ಲಿ ಕೂತಿದ್ದ ಒಬ್ಬಳು ಮುದುಕಿ ಕಣ್ಣು ತೆರೆದು ಇವಳನ್ನೇ ನೋಡಿ, ಆಕಾಶದ ಕಡೆ ಬೆರಳು ತೋರಿಸಿ, "ಸೋಲ್" ಎಂದಳು. ಭವಿತಾ ಒಂದು ಹೆಜ್ಜೆ ಹಿಂದೆ ಸರಿದಳು. ಈ ಮುದುಕಿಗೆ ಹೇಗೆ ಗೊತ್ತಾಯಿತು? ಇಷ್ಟು ದೂರ ಬಂದು, ಇಷ್ಟು ಜನರ ಎದುರು, ಅದೂ ಕನ್ನಡದಲ್ಲಿ? ಸೋಲು. ಓಡಬೇಕು ಅನಿಸಿತು. ಮುದುಕಿ ಮತ್ತೆ ನಗುತ್ತಾ, ಮುಖವನ್ನು ಬೆಳಕಿಗೆ ಎತ್ತಿ ತೋರಿಸಿ, "ಸೋಲ್, ಸೋಲ್" ಎಂದು ತನ್ನ ಪಕ್ಕದ ಜಾಗ ತಟ್ಟಿದಾಗ ಅರ್ಥವಾಯಿತು, ಅವರ ಭಾಷೆಯಲ್ಲಿ ಸೋಲ್ ಅಂದರೆ ಸೂರ್ಯ, ಬಿಸಿಲು. ಭವಿತಾ ಗಟ್ಟಿಯಾಗಿ ನಕ್ಕಳು. ಆ ಸಾಲಿನಲ್ಲಿ ಅಂದು ಸದ್ದು ಮಾಡಿದವಳು ಅವಳೊಬ್ಬಳೇ. ಕೂತಳು. ಮರುದಿನ ಮುದುಕಿ ಚಳಿಯ ನೆಲದಲ್ಲಿ ಕೂರಲಿಕ್ಕೆಂದು ಸ್ಪಂಜಿನ ಎರಡು ಚಾಪೆ ತುಂಡು ತಂದಿದ್ದಳು, ಒಂದನ್ನು ಮಾತಿಲ್ಲದೆ ಇವಳ ಕಡೆ ಸರಿಸಿದಳು. ಆ ಚಳಿಗಾಲ ಮುಗಿಯುವ ತನಕ ಇಬ್ಬರೂ ಪಕ್ಕಪಕ್ಕ ಕೂತರು. ಹೆಸರು ಕೇಳಲಿಲ್ಲ. ಯಾರ ಮಗಳು, ಯಾವ ಊರು, ಎಂತ ಓದುದು, ಮದುವೆ ಯಾವಾಗ, ಯಾವಾಗ ಬಂದದ್ದು, ಯಾವಾಗ ಹೋಗುದು, ಒಂದನ್ನೂ ಕೇಳಲಿಲ್ಲ. ಕೇಳದೆ ಇರುವ ಜನರ ನಡುವೆ ಕೂತುಕೊಳ್ಳುವುದು ಇಷ್ಟು ಹಿತ ಎಂದು ಅವಳಿಗೆ ಹುಟ್ಟಿದಂದಿನಿಂದ ಗೊತ್ತಿರಲಿಲ್ಲ. ಬಿಸಿಲು ರೆಪ್ಪೆಯ ಮೇಲೆ ಕೆಂಪಗೆ ಕೂರುತ್ತಿತ್ತು. ಅಷ್ಟೇ. ಅಷ್ಟೇ ಸಾಕಾಗಿತ್ತು.

ಕ್ಲಾಸು ಇದ್ದದ್ದೂ ಅದೇ ಹೊತ್ತಿಗೆ. ಕಿಟಕಿಯಿಲ್ಲದ ನೆಲಮಾಳಿಗೆಯ ಒಂದು ಕೋಣೆಯಲ್ಲಿ. ಒಂದು ದಿನ ತಪ್ಪಿಸಿದರೆ ಏನಾಗುತ್ತದೆ ಎಂದು ತಪ್ಪಿಸಿದಳು, ಎರಡನೆಯ ದಿನ ನಿನ್ನೆ ಯಾಕೆ ಬರಲಿಲ್ಲ ಎಂದು ಕೇಳಿಯಾರು ಎಂದು ತಪ್ಪಿಸಿದಳು, ಆಮೇಲೆ ಯಾರೂ ಕೇಳುವುದಿಲ್ಲ ಎಂದು ಗೊತ್ತಾಗಿ ತಪ್ಪಿಸಿದಳು. ಅಲ್ಲಿಯ ಸುಖವೂ ಅದೇ, ಅಲ್ಲಿಯ ಹೊಂಡವೂ ಅದೇ. ಬೇಸಿಗೆಯಲ್ಲಿ ಮತ್ತೆ ಬರೆದಳು, ಮತ್ತೆ ಫೇಲಾದಳು. ಚಳಿ ತಿರುಗಿ ಬರುವ ಹೊತ್ತಿಗೆ, ಇಷ್ಟು ಪಾಸಾದರೆ ಮಾತ್ರ ಇರಬಹುದು, ನೀನು ಅಷ್ಟು ಪಾಸಾಗಿಲ್ಲ ಎಂದು ಸರಕಾರದಿಂದ ಬಹಳ ಮರ್ಯಾದೆಯ ಮಾತಿನಲ್ಲಿ ತಿಳಿಸಿದರು. ಅಮ್ಮ ವೀಡಿಯೋ ಕಾಲ್ ಮಾಡಿದಾಗೆಲ್ಲ, "ಬಿಸಿಲು ಬಂತಾ ಮಗಾ ಅಲ್ಲಿ? ಸ್ವಲ್ಪ ಬಿಸಿಲಿಗೆ ಕೂತುಕೋ" ಎನ್ನುತ್ತಿದ್ದಳು. ಅಮ್ಮ ಹೇಳಿದ್ದನ್ನು ಇಷ್ಟು ನಿಷ್ಠೆಯಿಂದ ಅವಳು ಬದುಕಿನಲ್ಲಿ ಬೇರೆ ಯಾವಾಗಲೂ ಮಾಡಿರಲಿಲ್ಲ. ಈಗ ಅದನ್ನು ಹೇಗೆ ಹೇಳುವುದು? ನೀವು ನನ್ನನ್ನು ಓದಲು ಕಳಿಸಿದಿರಿ, ನಾನು ಅಲ್ಲಿ ಹೋಗಿ ಬಿಸಿಲು ಕಾಯಿಸಿದೆ. ಸುಳ್ಯದಲ್ಲಿ ಬೀದಿಗೆ ಬಿದ್ದಿರುವ, ಮೆಣಸು ಒಣಗಿಸಲಿಕ್ಕಲ್ಲದೆ ಬೇರೆ ಯಾವುದಕ್ಕೂ ಯಾರೂ ಲೆಕ್ಕಕ್ಕಿಡದ ಬಿಸಿಲನ್ನು.

ಪುತ್ತೂರಿನಲ್ಲಿ ಬೆಲ್ಟು ಸಿಕ್ಕಿತು. ಬೀಗದ ಅಂಗಡಿಯವನು ಸಣ್ಣದು ಸಾಕಾ ದೊಡ್ಡದು ಬೇಕಾ, ಪ್ಲೇನಿಗಾ ಎಂದು ಕೇಳಿದ. ಪ್ಲೇನಿಗೆ ಎಂದಳು. "ಹಾಗಾದ್ರೆ ನಂಬರಿಂದು ತಕೊಳ್ಳಿ, ಕೀ ಕಳೆದು ಹೋಗುದು ಅಂತ ಇಲ್ಲ. ಯಾವಾಗ ಹೋಗುದು?" ಎಂದ. ಅವನು ಅವಳನ್ನು ಮೊದಲು ನೋಡಿಯೇ ಇರಲಿಲ್ಲ. ಬಸ್‌ಸ್ಟ್ಯಾಂಡಿಗೆ ಬಂದಾಗ ಸುಳ್ಯದ ಬಸ್ಸು ಇನ್ನೂ ಬಂದಿರಲಿಲ್ಲ. ಜನರೆಲ್ಲ ನೆರಳು ಹುಡುಕಿ, ಮಾಡಿನ ಕೆಳಗೆ ಒತ್ತಿಕೊಂಡು ನಿಂತಿದ್ದರು. ಆಚೆ ಒಂದು ಗೋಡೆಗೆ ಪೂರ್ತಿ ಬಿಸಿಲು ಹೊಡೆಯುತ್ತಿತ್ತು, ಅಲ್ಲಿ ಒಂದು ನಾಯಿ ಸಹ ಇರಲಿಲ್ಲ. ಭವಿತಾ ಹೋಗಿ ಆ ಗೋಡೆಗೆ ಬೆನ್ನು ಕೊಟ್ಟು ನಿಂತು ಕಣ್ಣು ಮುಚ್ಚಿದಳು. ಇದೇ ಸೂರ್ಯ ಅಲ್ಲವಾ, ಇದರಲ್ಲಿಯೂ ಆ ಸುಖ ಸ್ವಲ್ಪ ಇರಲೇಬೇಕಲ್ಲ ಎಂದು ಹಟದಿಂದ ಮುಖ ಎತ್ತಿದಳು. ನೆತ್ತಿ ಸುಟ್ಟಿತು, ಬೆನ್ನಿನಲ್ಲಿ ಬೆವರು ಇಳಿಯಿತು, ರೆಪ್ಪೆಯ ಒಳಗೆ ಕೆಂಪು ಬಂದರೂ ಅದರ ಜೊತೆ ಬರಬೇಕಾದದ್ದು ಬರಲಿಲ್ಲ. "ಎಂತಾಯ್ತು ಅಕ್ಕ? ಹುಷಾರಿಲ್ವಾ?" ಕಣ್ಣು ಬಿಟ್ಟರೆ ರಿಕ್ಷಾದವನು. ಅವನ ಹಿಂದೆ ಇನ್ನೊಬ್ಬರು ನೀರಿನ ಬಾಟಲಿ ಹಿಡಿದು ಬರುತ್ತಿದ್ದರು. "ತಲೆ ತಿರುಗಿದ್ದಾ? ಯಾರಾದ್ರೂ ಜೊತೆಗಿದ್ದಾರಾ? ಮನೆ ಎಲ್ಲಿ?" ಒಳ್ಳೆಯ ಜನ. ಅವಳಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಏನಿಲ್ಲ, ಏನಿಲ್ಲ ಎಂದು ಅವರು ಕೊಟ್ಟ ನೀರು ಕುಡಿದು, ನೆರಳಿನಲ್ಲಿ, ಎಲ್ಲರ ಮಧ್ಯೆ ಬಂದು ನಿಂತಳು. ಅದು ಹೋಯಿತು, ಇನ್ನು ಬರುವುದಿಲ್ಲ ಎಂದು ಅವಳಿಗೆ ಅಲ್ಲಿ ನಿಂತಾಗ ಖಚಿತವಾಯಿತು.

ಸುಳ್ಯಕ್ಕೆ ಬಂದಾಗ ಬಿಸಿಲು ಇಳಿದಿರಲಿಲ್ಲ. ಮಿಲ್ಲಿನ ಎದುರಿನ ಗೋಡೆಗೆ ತಾಗಿ ಹಾಕಿದ ಬೆಂಚಿನಲ್ಲಿ ನೆಬೀಸ ಮತ್ತೆ ನಾಲ್ಕೈದು ಮಂದಿ ಡಬ್ಬ, ಚೀಲ ಹಿಡಿದು ಸರದಿಗೆ ಕಾಯುತ್ತಿದ್ದರು. ಒಳಗೆ ಯಾರದೋ ಮೆಣಸು ಬೀಳುತ್ತಿತ್ತು, ಗಾಳಿಯೇ ಕೆಮ್ಮುವಷ್ಟು ಖಾರ. ಅಪ್ಪ ಬೆನ್ನು ತಿರುಗಿಸಿ, ಹೆಗಲಿನ ಬೈರಾಸು ಬಟ್ಟೆಯನ್ನು ಮೂಗಿಗೆ ಕಟ್ಟಿಕೊಂಡು ಯಂತ್ರದ ಬಾಯಿಗೆ ಮೆಣಸು ತಳ್ಳುತ್ತಿದ್ದ. ಭವಿತಾ ಅವನ ಹಿಂದೆ ಹೋಗಿ ನಿಂತಳು. ಅಪ್ಪ ಅಂದಳು. ಕೇಳಲಿಲ್ಲ. ಆ ಭುಜ, ಅದರ ಮೇಲೆ ಕೂತ ಬಿಳಿ ಹಿಟ್ಟು. ಸಣ್ಣವಳಿರುವಾಗ ಅವನು ಊಟಕ್ಕೆ ಬಂದರೆ ಅವಳು ಅವನ ತೋಳಿನ ಮೇಲೆ ಬೆರಳಿನಲ್ಲಿ ಹೆಸರು ಬರೆಯುತ್ತಿದ್ದಳು. "ಅಪ್ಪ, ನಾನು ಹೋಗುದಿಲ್ಲ" ಎಂದಳು, ಮೆಲ್ಲಗೆ. ಯಂತ್ರ ಅದನ್ನು ನುಂಗಿತು. ಹೇಳಿದ್ದೂ ಆಯಿತು, ಏನೂ ಆಗಲಿಲ್ಲ. ಇಷ್ಟು ದಿನದಲ್ಲಿ ಮೊದಲ ಸಲ ಅವಳ ಎದೆ ಹಗುರಾಯಿತು. ಇನ್ನೊಮ್ಮೆ ಹೇಳಿದಳು. ಆ ಸದ್ದಿನ ಹೊಟ್ಟೆಯೊಳಗೆ ನಿಂತು ಎಲ್ಲವನ್ನೂ ಹೇಳತೊಡಗಿದಳು, ವೀಸಾ, ಪರೀಕ್ಷೆ, ಮುದುಕಿ, ಗೋಡೆ. ಹೇಳುತ್ತಾ ಹೇಳುತ್ತಾ ಸ್ವರ ಏರಿತು, ತನ್ನ ಸ್ವರ ತನಗಾದರೂ ಕೇಳಬೇಕಲ್ಲ. "ಕ್ಲಾಸಿಗೆ ಹೋಗ್ಲೇ ಇಲ್ಲ ಅಪ್ಪ, ಬಿಸಿಲಿಗೆ ಕೂತೆ! ಕಷ್ಟ ಆಗಿ ಅಲ್ಲ, ಅಲ್ಲಿ ನಂಗೆ ಭಾರೀ ಖುಷಿ ಇತ್ತು! ಖುಷಿಯಲ್ಲೇ ಫೇಲಾದ್ದು! ಹದಿನೆಂಟೂ ಇಲ್ಲ, ಟಿಕೆಟೂ ಇಲ್ಲ, ಇನ್ನು ನಾನು ಹೋಗುದು ಅಂತಲೇ ಇಲ್ಲ!"

ಎಲ್ಲಿಂದ ಎಲ್ಲಿಯವರೆಗೆ ಹೊರಗೆ ಕೇಳಿತೋ ಗೊತ್ತಿಲ್ಲ. ಅವಳು ಕಿರುಚುತ್ತಿರುವಾಗಲೇ ಕರೆಂಟ್ ಹೋಗಿತ್ತು. ಬೆಲ್ಟು ಉಸಿರು ಬಿಡುತ್ತಾ ನಿಧಾನವಾಗಿ, ಕೊನೆಗೆ ಒಂದು ಸಲ ಪಟ್ ಎಂದು ನಿಂತಿತು. ಕೊನೆಯ ಮಾತು ಸದ್ದಡಗಿದ ಮಿಲ್ಲಿನಲ್ಲಿ ಒಬ್ಬಂಟಿಯಾಗಿ ಗಿರ್ರೆಂದು ತಿರುಗಿದ್ದು ಅವಳಿಗೇ ಕೇಳಿಸಿತು. ಹೊರಗೆ ಬೆಂಚಿನವರೆಲ್ಲ ಇತ್ತಲೇ ತಿರುಗಿದ್ದರು. ಹಿಂದಿನ ಬಾಗಿಲಲ್ಲಿ ಅಮ್ಮ, ಕೈಯಲ್ಲಿ ಹಪ್ಪಳದ ತಟ್ಟೆ. ಅಪ್ಪ ತಿರುಗಲಿಲ್ಲ. ಯಂತ್ರದ ಬಾಯಿಯಲ್ಲಿ ಉಳಿದ ಮೆಣಸನ್ನು ಕೈಯಿಂದ ಸರಿಸಿದ, ಸ್ವಿಚ್ ಆಫ್ ಮಾಡಿದ, ಬೈರಾಸು ಬಿಚ್ಚಿದ. ಆಮೇಲೆ ಅವಳ ಪಕ್ಕದಿಂದಲೇ ಹೊರಗೆ ಹೋಗಿ ಬೆಂಚಿನ ತುದಿಯಲ್ಲಿ ಕೂತ. ಅವಳೂ ಹೋದಳು, ಒಳಗೆ ನಿಲ್ಲಲಿಕ್ಕಾಗದೆ. ನೆಬೀಸ ಸ್ವಲ್ಪ ಸರಿದು ಜಾಗ ಕೊಟ್ಟು, ನಗಲು ನೋಡಿ, "ತಮಾಷೆಗೆ ಹೇಳಿದ್ದಲ್ವಾ ಮಗಳೇ?" ಎಂದಳು. ಭವಿತಾ ಅಲ್ಲ ಎಂದು ತಲೆಯಾಡಿಸಿದಳು. ನೆಬೀಸ ಮೆಣಸಿನ ಚೀಲದ ಬಾಯಿಯನ್ನು ಬಿಚ್ಚಿ ಮತ್ತೆ ಕಟ್ಟಿದಳು.

ಎಲ್ಲರೂ ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ಕೂತಿದ್ದರು. ಪಡುವಣದ ಬಿಸಿಲು ಎಲ್ಲರ ಮುಖಕ್ಕೂ ನೇರ ಬೀಳುತ್ತಿತ್ತು. ಅಪ್ಪ ಬಹಳ ಹೊತ್ತು ತನ್ನ ಅಂಗೈಯ ಹಿಟ್ಟನ್ನು ಉಜ್ಜಿದ. ಮನೆಯೊಳಗೆ ಅವರ ಮನೆಮಾತು ಅರೆಭಾಷೆ, ಮಿಲ್ಲಿಗೆ ಬಂದ ಹೊರಗಿನವರ ಹತ್ತಿರ ಮಾತ್ರ ಅಪ್ಪ ಕನ್ನಡ ಆಡುವುದು. ಈಗ ಅವನು ಮಗಳನ್ನೂ ಕನ್ನಡದಲ್ಲಿ ಕೇಳಿದ.

"ಯಾವಾಗ ಬಂದದ್ದು?"

ಪುತ್ತೂರಿನಿಂದ ಬಂದದ್ದನ್ನು ಕೇಳಿದನೋ, ಸ್ವೀಡನ್ನಿನಿಂದ ಬಂದದ್ದನ್ನೋ, ಎರಡಕ್ಕೂ ಅವಳಲ್ಲಿ ಉತ್ತರ ಒಂದೇ ಇತ್ತು.

"ಈಗ" ಎಂದಳು.

ಅಪ್ಪ ತಲೆಯಾಡಿಸಿದ. ಆಮೇಲೆ ಅದರ ಜೋಡಿ ಪ್ರಶ್ನೆಗಾಗಿ ಅವಳು ಕಾದಳು. ನೆಬೀಸಳ ತುಟಿ ಅಭ್ಯಾಸಬಲದಿಂದ ತೆರೆದದ್ದು ಹಾಗೆಯೇ ಮುಚ್ಚಿತು. ಬೆಂಚಿನ ಆ ತುದಿಯವರು ಡಬ್ಬಗಳನ್ನು ನೋಡಿದರು, ರಸ್ತೆ ನೋಡಿದರು. ಅಮ್ಮ ಬಾಗಿಲಿನಿಂದ ಒಳಗೆ ಹೋದಳು. ಅಲ್ಲಿಯ ಲೈಬ್ರರಿ ಗೋಡೆಯ ಹತ್ತಿರ ಯಾರೂ ಏನೂ ಕೇಳುತ್ತಿರಲಿಲ್ಲ, ಅದು ಅವಳು ಕಂಡ ದೊಡ್ಡ ಸುಖವಾಗಿತ್ತು. ಈಗ ಇಲ್ಲಿ ಯಾರಾದರೂ ಒಬ್ಬರು, ಉತ್ತರ ಬೇಕಿಲ್ಲದಿದ್ದರೂ ಸರಿ, ಯಾವಾಗ ಹೋಗುದು ಎಂದು ಒಂದು ಸಲ ಕೇಳಲಿ ಎಂದು ಭವಿತಾ ಕಣ್ಣು ಮುಚ್ಚಿ ಬಿಸಿಲಿಗೆ ಮುಖ ಎತ್ತಿದಳು. ಯಾರೂ ಕೇಳಲಿಲ್ಲ.